ಕ್ರೈಸ್ತರ ಕಂಪನಿ ಅಂದಮೇಲೆ ಅಲ್ಲೇ ಕೊಳ್ಳಬೇಕಲ್ವಾ?

ಅಟ್ಲಾಂಟಾದಲ್ಲಿರುವ ನನ್ನನ್ನು ಮಂಗಳೂರಿಂದ ಬರುವ ನೆಂಟರೂ ಇಲ್ಲಿನ ಚರ್ಚಿನ ಸಭೆಯ ಹುಡುಗರೂ ಕೇಳುವುದು ಇದನ್ನೇ: "ಅವರು ನಮ್ಮವರಂತೆ. ನಮ್ಮ ದುಡ್ಡು ಅವರಿಗೇ ಹೋದರೆ ಒಳ್ಳೇದಲ್ವಾ?"

ಸಾಮಾನು ಚೆನ್ನಾಗಿದ್ದರೆ ಕೊಳ್ಳಿ. ಭಕ್ತಿಯ ಲೆಕ್ಕದಲ್ಲಿ ಕೊಳ್ಳಬೇಡಿ. ನಾನು ಹೇಳುವುದು ಇಷ್ಟೇ.

ಪ್ರಶ್ನೆ ಹುಟ್ಟುವುದು ಹೆಚ್ಚಾಗಿ ಚಿಕ್-ಫಿಲ್-ಎ ಎಂಬ ಚಿಕನ್ ಹೋಟೆಲಿನ ಮುಂದೆ. ಟ್ರುಯೆಟ್ ಕ್ಯಾಥಿ 1946ರಲ್ಲಿ ಅಟ್ಲಾಂಟಾದ ಮಗ್ಗುಲಿನ ಹೇಪ್‌ವಿಲ್‌ನಲ್ಲಿ ಸಣ್ಣ ಹೋಟೆಲು ಹಾಕಿದರು, ಭಾನುವಾರ ಬಾಗಿಲು ತೆರೆಯಲಿಲ್ಲ. ಅದರಿಂದ ಬೆಳೆದ ಕಂಪನಿ ಇವತ್ತಿಗೂ ತೆರೆಯುವುದಿಲ್ಲ. 2017ರಲ್ಲಿ ಶುರುವಾದ ನಮ್ಮೂರ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣದಲ್ಲೂ ಅವರ ಮಳಿಗೆಯಿದೆ. ಅಲ್ಲಿ ಫಾಲ್ಕನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಆಡುವುದು ಬಹುಪಾಲು ಭಾನುವಾರವೇ. ಜನಜಂಗುಳಿಯ ನಡುವೆಯೂ ಚಿಕನ್ ಮಾರುವುದಿಲ್ಲ. ಇದನ್ನು ನಾನು ಮನಸಾರೆ ಗೌರವಿಸುತ್ತೇನೆ. ಇಲ್ಲಿ ಕಳೆದುಕೊಳ್ಳುತ್ತಿರುವುದು ಮಾರುವವನು, ರಜೆ ಸಿಗುವುದು ಅಡುಗೆಮನೆಯಲ್ಲಿ ಬೇಯುವವರಿಗೆ.

ಬೈಬಲ್ ವಚನ ಅಚ್ಚು ಹಾಕಿಸುವುದಕ್ಕೆ ಅಷ್ಟು ತ್ಯಾಗ ಬೇಕಿಲ್ಲ. ಕರಕುಶಲ, ಅಲಂಕಾರದ ಸಾಮಾನು ಮಾರುವ ಹಾಬಿ ಲಾಬಿ ಮಳಿಗೆಯವರೂ ಭಾನುವಾರ ಮುಚ್ಚುತ್ತಾರೆ. ಕ್ರಿಸ್ಮಸ್, ಈಸ್ಟರ್ ಬಂದರೆ ಪತ್ರಿಕೆಗಳಲ್ಲಿ ಪುಟ ತುಂಬ ಸುವಾರ್ತೆಯ ಜಾಹೀರಾತು ಕೊಡುತ್ತಾರೆ. ಆ ನಂಬಿಕೆ ನಾಟಕವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಕಂಪನಿ ಕೊಂಡ ಇರಾಕಿನ ಪ್ರಾಚೀನ ಮಣ್ಣಿನ ಫಲಕಗಳು "ಟೈಲ್ಸ್ ಮಾದರಿ" ಎಂಬ ಸುಳ್ಳು ಚೀಟಿಯೊಂದಿಗೆ ಅಮೆರಿಕಕ್ಕೆ ಬಂದಿದ್ದವು. 2017ರಲ್ಲಿ ಸಾವಿರಾರು ವಸ್ತುಗಳನ್ನು ಒಪ್ಪಿಸಿ, 30 ಲಕ್ಷ ಡಾಲರ್ ತೆರಬೇಕಾಯಿತು. ವಚನ ಓದಿ ಕಂಪನಿಯ ಲೆಕ್ಕಪುಸ್ತಕ ಹೇಗಿದೆಯೆಂದು ಹೇಳಲಾಗದು.

ಮಂಗಳೂರಿನ ಕಡೆಯ ನಮ್ಮವರಿಗೆ ಇದು ಹೊಸದಾಗಬಾರದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮತಾಂತರವಾಗಿ ಜಾತಿಯ ಕಸುಬು, ಆಸರೆ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. ಆ ಹಂಚು ಎಲ್ಲ ಮತದವರ ಮಾಡು ಹತ್ತಿತು. ಕರಾವಳಿಯ ಮಳೆಗೆ ಸೋರುತ್ತಿರಲಿಲ್ಲ, ಅದಕ್ಕೇ ಜನ ಕೊಂಡರು. ನಾನು ನೋಡಿದ ಹಂಚುಗಳ ಮೇಲೆ ಮಿಷನ್ನಿನ ಹೆಸರಿದೆ, ಇಸವಿಯಿದೆ, ವಚನವಿಲ್ಲ.

ಚಿಕನ್, ವಚನ ಬರೆದ ಬಳೆ, ಗೋಡೆಗೆ ತೂಗುಹಾಕುವ ಫಲಕ, ಇವುಗಳಲ್ಲಿ ಮೋಸ ಹೋದರೂ ಹತ್ತಿಪ್ಪತ್ತು ಡಾಲರ್. ನನಗೆ ನಿಜವಾದ ಭಯ ಹಣ ಹೂಡುವ ಸ್ಕೀಮುಗಳದ್ದು. ಫಿಲಡೆಲ್ಫಿಯಾ ಕಡೆಯ ನ್ಯೂ ಎರಾ ಎಂಬ ಪ್ರತಿಷ್ಠಾನ, ಹೆಸರು ಹೇಳಬಯಸದ ಶ್ರೀಮಂತ ದಾನಿಗಳು ನಿಮ್ಮ ಹಣವನ್ನು ಕೆಲವೇ ತಿಂಗಳಲ್ಲಿ ದುಪ್ಪಟ್ಟು ಮಾಡುತ್ತಾರೆಂದು ಕ್ರೈಸ್ತ ಕಾಲೇಜುಗಳನ್ನೂ ಸೇವಾಸಂಸ್ಥೆಗಳನ್ನೂ ನಂಬಿಸಿತು. ಅಂಥ ದಾನಿಗಳು ಇರಲೇ ಇಲ್ಲ. 1995ರಲ್ಲಿ ಕುಸಿಯಿತು, ನಡೆಸುತ್ತಿದ್ದ ಜಾನ್ ಬೆನೆಟ್‌ಗೆ 12 ವರ್ಷ ಜೈಲಾಯಿತು. ನಂಬಿದವರು "ಇದು ನಿಜ" ಎಂದು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದ್ದರಿಂದಲೇ ಅದು ಅಷ್ಟು ಬೆಳೆದಿದ್ದು. ಬಯಲಿಗೆಳೆದವರೂ ಮಿಷಿಗನ್ನಿನ ಒಂದು ಕ್ರೈಸ್ತ ಕಾಲೇಜಿನ ಲೆಕ್ಕಶಾಸ್ತ್ರದ ಮೇಷ್ಟ್ರು ಆಲ್ಬರ್ಟ್ ಮೈಯರ್. ಆಡಳಿತದವರು ಕಿವಿಗೊಡದಿದ್ದರೂ ಅವರು ಕಾಗದಪತ್ರ ಹುಡುಕುವುದನ್ನು ಬಿಡಲಿಲ್ಲ. ಹುಡುಗರಿಗೆ ನಾನು ಹೇಳುವ ಕ್ರೈಸ್ತ ಮೌಲ್ಯದ ಕಥೆ ಅವರದ್ದು.

ಆದ್ದರಿಂದ ಆರಾಧನೆ ಮುಗಿದ ಮೇಲೆ ಯಾರಾದರೂ "ಬ್ರದರ್, ನಮ್ಮವರದ್ದೇ ಸ್ಕೀಮು" ಎಂದು ಕೈ ಹಿಡಿದರೆ, ನೋಂದಣಿ ಪತ್ರ ಕೇಳಿ, ಆಡಿಟ್ ಮಾಡಿದವರು ಯಾರೆಂದು ಕೇಳಿ, ಸಭಾಪಾಲಕರಿಗೆ ಕಮಿಷನ್ ಇದೆಯೇ ಎಂದೂ ಕೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಹಣ ಕೊಡಬೇಡಿ.