ಕಮಾನು ಎತ್ತಿದ್ದು ಯಾಕೆ?

"ಸ್ವರ ಸೇರೋ ಹೊತ್ತಿಗೇ ಆ ಮನುಷ್ಯ ಕೈಬಿಟ್ಟುಬಿಟ್ಟನಲ್ಲಮ್ಮಾ!"

ಶನಿವಾರ ರಾತ್ರಿ ರೈಲಿನಲ್ಲಿ ಮೈಸೂರಿನ ರಾಯರು ಆಡಿದ ಈ ಮಾತು ನನ್ನ ತಲೆಯಿಂದ ಇಳಿದೇ ಇಲ್ಲ. ಟೋಕಿಯೋದ ಶಿಂಜುಕುವಿನಿಂದ ನಿಶಿ-ಕಸಾಯಿ ತಲುಪುವವರೆಗೂ ಅವರದ್ದು ಅದೊಂದೇ ತಕರಾರು.

ಮಗನ ಮನೆಗೆಂದು ಟೋಕಿಯೋಗೆ ಬಂದಿರುವ ರಾಯರನ್ನೂ ಅವರ ಹೆಂಡತಿಯನ್ನೂ ಒಂದು ನೆಲಮಾಳಿಗೆಯ ಸಂಗೀತ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದವಳು ನಾನೇ. ಜಪಾನಿನ ತಂತಿವಾದ್ಯ ಕೋಟೊ ನುಡಿಸುವ ಒಬ್ಬಾಕೆ, ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೊ ನುಡಿಸುವ ಒಬ್ಬಾತ, ಅಷ್ಟೇ. ಮುಂದೆ ಸ್ವರಲಿಪಿ ಇಲ್ಲ, ರಾಗ-ತಾಳದ ಮಾತುಕತೆಯೂ ಇಲ್ಲ. ಆಕೆ ಒಮ್ಮೆ ಚೆಲ್ಲೊ ಕಮಾನನ್ನೇ ತೆಗೆದುಕೊಂಡು ಕೋಟೊ ತಂತಿಯ ಮೇಲೆ ಎಳೆದರು. ಆತ ಚೆಲ್ಲೊದ ಒಡಲನ್ನು ಬೆರಳಿನಿಂದ ತಟ್ಟಿದರು. ರಾಯರು ಅಷ್ಟಕ್ಕೆಲ್ಲ ಬೇಸರಿಸಿಕೊಳ್ಳಲಿಲ್ಲ. ಕಛೇರಿಯ ಮೊದಲ ಸಾಲಿನಲ್ಲೇ ಬೆಳೆದ ಜೀವ ಅದು, ಕಿವಿ ತುಂಬ ಚುರುಕು. ಅವರನ್ನು ಕಾಡಿದ್ದು ಒಂದೇ ಗಳಿಗೆ.

ಕೋಟೊಗೆ 13 ತಂತಿ, ಒಂದೊಂದು ತಂತಿಗೂ ಅದರದ್ದೇ ಒಂದು ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ, ಜರುಗಿಸಬಹುದಾದ ಪುಟ್ಟ ಆಧಾರ. ಕುದುರೆಯ ಎಡಕ್ಕೆ ತಂತಿಯನ್ನು ಒತ್ತಿ ಸ್ವರ ಏರಿಸುವುದು ಅಲ್ಲಿನ ಹಳೆಯ ಕ್ರಮ. ಆಕೆ ಹಾಗೆ ಮಾಡಲಿಲ್ಲ. ಕೆಳಸ್ಥಾಯಿಯ ತಂತಿಯೊಂದನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಎಡಗೈಯಲ್ಲಿ ಕುದುರೆಯನ್ನೇ ಬಲಕ್ಕೆ ಜರುಗಿಸಿದರು. ಸ್ವರ ಜಾರುತ್ತಾ ಏರಿತು. ಚೆಲ್ಲೊ ಆಗಲೇ ಒಂದು ಸ್ವರದಲ್ಲಿ ನಿಂತಿತ್ತು. ಕೋಟೊ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಸೇರಿತು. ಆತ ಕಮಾನು ಎತ್ತಿಬಿಟ್ಟರು.

"ಸೇರಿದ್ದನ್ನ ಅನುಭವಿಸೋಕಾದ್ರೂ ಬಿಡಬೇಕಿತ್ತು," ಎಂದರು ರಾಯರು. ಅವರ ಹೆಂಡತಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ಹುಡುಗಿಯಾಗಿದ್ದಾಗ ವೀಣೆ ಕಲಿತವರು. ಗಂಡನ ಮಾತಿನ ನಡುವೆ ಅವರಿಗೆ ಜಾಗ ಸಿಗುವುದು ಕಡಿಮೆ. "ಅವರು ಎತ್ತದೇ ಇದ್ದಿದ್ರೆ ಆ ತಂತಿ ಕೇಳಿಸ್ತಿತ್ತೇನು?" ಎಂದರು.

ಅಂದಿನಿಂದ ಆ ಗಳಿಗೆಯನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ. ರಾಯರ ಹೆಂಡತಿ, ಆ ಅಮ್ಮ, ಹೇಳಿದ್ದೇ ಸರಿ. ಕಮಾನು ಆಡುತ್ತಿರುವಷ್ಟು ಹೊತ್ತೂ ಚೆಲ್ಲೊದ ಸ್ವರ ಬದುಕಿರುತ್ತದೆ. ಮೀಟಿದ ಕೋಟೊ ತಂತಿ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಎರಡೂ ಒಂದೇ ಸ್ವರಕ್ಕೆ ಬಂದು ನಿಂತರೆ ಚೆಲ್ಲೊ ಕೋಟೊವನ್ನು ಮುಚ್ಚಿಬಿಡುತ್ತದೆ. ಕಮಾನು ಎತ್ತಿದ್ದರಿಂದಲೇ ಆ ಕೊನೆಯ ಎಳೆ, ಕುದುರೆ ಮರಕ್ಕೆ ಉಜ್ಜಿದ ಸದ್ದಿನ ಸಮೇತ, ನಮಗೆ ದಕ್ಕಿತು. ರಾಯರು ಅದನ್ನು ಕೈಬಿಟ್ಟದ್ದು ಎಂದರು. ನನಗೆ ಅದರಷ್ಟು ದೊಡ್ಡ ಸೌಜನ್ಯ ಆ ಸಂಜೆಯಲ್ಲಿ ಇನ್ನೊಂದು ಕಾಣಲಿಲ್ಲ.

ಕೋಟೊದ ಈ ಕ್ಷೀಣತೆಗೆ ಜಪಾನಿನಲ್ಲೇ ಬೇರೆ ಉತ್ತರಗಳೂ ಇವೆ. ಕೋಟೊ ವಾದಕ, ಸಂಯೋಜಕ ಮಿಚಿಯೊ ಮಿಯಾಗಿ 1921ರಲ್ಲಿ 17 ತಂತಿಯ ಮಂದ್ರ ಕೋಟೊ ಮಾಡಿಸಿದರು. ಇಂದು ಕೋಟೊ ವಾದಕಿ ಮಿಚಿಯೊ ಯಾಗಿ 17 ಮತ್ತು 21 ತಂತಿಯ ಕೋಟೊಗಳಿಗೆ ವಿದ್ಯುತ್ ಜೋಡಿಸಿ, ಡ್ರಮ್ಸ್ ಅಬ್ಬರದ ಎದುರಲ್ಲೂ ನಿಲ್ಲುತ್ತಾರೆ. ನಮ್ಮ ಚೌಡಯ್ಯನವರು ಪಿಟೀಲಿಗೆ 7 ತಂತಿ ಹಾಕಿಸಿದ್ದೂ ಮೈಕ್ ಇಲ್ಲದ ಸಭೆಯ ಹಿಂದಿನ ಸಾಲಿಗೆ ನಾದ ಮುಟ್ಟಲಿ ಎಂದೇ. ಈ ಹಾದಿಯ ಬಗ್ಗೆ ನನಗೆ ಗೌರವವಿದೆ. ಆದರೆ ಟೋಕಿಯೋದಲ್ಲಿ ತದ್ವಿರುದ್ಧ ಹಾದಿಯೂ ಇತ್ತು. ಯೊಯೊಗಿಯಲ್ಲಿ 2000ದಿಂದ 2005ರವರೆಗೆ ನಡೆದ ಆಫ್ ಸೈಟ್ ಎಂಬ ಪುಟ್ಟ ಜಾಗದಲ್ಲಿ ಗೋಡೆ ತೆಳು, ಪಕ್ಕದಲ್ಲೇ ಮನೆಗಳು. ಅಲ್ಲಿ ಮೆಲ್ಲಗೆ ನುಡಿಸಲೇಬೇಕಿತ್ತು. ಹಾಗೆ ನುಡಿಸುತ್ತಾ ನುಡಿಸುತ್ತಾ ಮೌನವೇ ಸಂಗೀತದ ಅರ್ಧ ಪಾಲಾಯಿತು. ಶನಿವಾರದ ಆ ಕಮಾನಿನ ಹಿಂದೆ ಆ ಅಭ್ಯಾಸದ ನೆನಪು ಇದ್ದಿರಬೇಕು ಅನ್ನಿಸುತ್ತದೆ ನನಗೆ.

ಹೀಗೆ ಯೋಚಿಸುತ್ತಾ ನಮ್ಮ ವೀಣೆ-ಪಿಟೀಲು ಜೋಡಿ ಕಛೇರಿಗಳೂ ನೆನಪಾದವು. ವೀಣೆಯವರು ಒಂದು ದೀರ್ಘ ಸ್ವರ ಮೀಟಿ, ತಂತಿ ಎಳೆದು, ಅದು ಇಳಿಯುವುದನ್ನು ಕೇಳುತ್ತಾ ಕೂತಿರುತ್ತಾರೆ. ಅಷ್ಟರಲ್ಲಿ ಪಕ್ಕದ ಪಿಟೀಲು ಅದೇ ಸ್ವರವನ್ನು ಹಿಡಿದು ಎಳೆಯತೊಡಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ, ನಿಜ. ಆದರೂ ವೀಣೆಯ ಆ ಇಳಿತ ಹೋಯಿತಲ್ಲ! ಉದ್ದವಾಗಿ ಉಸಿರಾಡಬಲ್ಲ ವಾದ್ಯಕ್ಕೆ ಎಲ್ಲಿ ನಿಲ್ಲಬೇಕೆಂಬುದನ್ನೂ ಕಲಿಸಬೇಕು. ಮಾತಿನಲ್ಲಿ ಉಸಿರು ಉದ್ದ ಇರುವ ಮನುಷ್ಯರಿಗೂ.

ಇವತ್ತು ಬೆಳಿಗ್ಗೆ ಫೋನಿನಲ್ಲಿ ಪಿಟೀಲಿನ ಈ ಮಾತನ್ನೆಲ್ಲ ರಾಯರಿಗೆ ಹೇಳಿದೆ. ಅವರು ಜಗ್ಗಲಿಲ್ಲ. "ನಮ್ಮಲ್ಲಿ ತಂಬೂರಿ ಇದೆಯಮ್ಮಾ. ವೀಣೆ ಇಳಿದಾಗ ಅದು ಹಿಡ್ಕೊಳ್ಳತ್ತೆ. ಅಲ್ಲಿ ಆ ಹೆಣ್ಣುಮಗಳನ್ನ ಹಿಡಿಯೋರು ಯಾರಿದ್ರು?"

ಈ ಮಾತಿಗೆ ತೂಕವಿದೆ. ಆಕೆಯನ್ನು ಹಿಡಿಯುವವರು ಯಾರೂ ಇರಲಿಲ್ಲ, ಅದಕ್ಕೇ ಇಡೀ ಕೋಣೆ ಅಷ್ಟು ಎಚ್ಚರದಿಂದ ಕೇಳಿತು ಎಂಬುದು ನನ್ನ ವಾದ. ರಾಯರು ಇನ್ನೂ ಒಪ್ಪಿಲ್ಲ. ಮುಂದಿನ ತಿಂಗಳು ಜಪಾನಿನ ಮೂರು ತಂತಿಯ ವಾದ್ಯ ಶಾಮಿಸೆನ್ ಮತ್ತು ಗಿಟಾರ್ ಜೋಡಿ ಇದೆ. ಅಮ್ಮ ಬರುತ್ತಾರಂತೆ, ರಾಯರಿಗೂ ಸೇರಿಸಿ ಟಿಕೆಟ್ ಹೇಳಿದ್ದೇನೆ.