ಡೊಂಬಿವಲಿಯಲ್ಲಿ ಗಚ್ಚಿಯಿಂದ ಗಚ್ಚಿಗೆ ಇಂಟರ್ನೆಟ್

ಮುಂಬಯಿ ಕಡೆ ಇರುವವರಿಗೆ ಇಂಟರ್ನೆಟ್ಟಿನ ತಾಪತ್ರಯವೆಲ್ಲಿಯದು ಎಂದು ಧಾರವಾಡದಲ್ಲಿರುವ ನನ್ನ ಅಣ್ಣ ಪ್ರತಿ ಸಲ ಕೇಳುತ್ತಾನೆ. ಡೊಂಬಿವಲಿ ಪೂರ್ವದಲ್ಲಿ ನಾವಿರುವ ನಾಲ್ಕು ಹಳೆಯ ಕಟ್ಟಡಗಳ ಪೈಕಿ ಎ ಕಟ್ಟಡಕ್ಕೆ ಮಾತ್ರ ಫೈಬರ್ ಬಂದಿದೆ. ನಡುವಿನ ರಸ್ತೆ ಅಗೆಯಲು ಅನುಮತಿ ಸಿಗದ ಕಾರಣ, ಪರವಾನಗಿ ಪಡೆದ ಸ್ಥಳೀಯ ಪೂರೈಕೆದಾರರೊಬ್ಬರು ಉಳಿದ ಮೂರು ಕಟ್ಟಡಗಳಿಗೆ ಮೆಶ್ ಜಾಲ ಕಟ್ಟಿಕೊಟ್ಟಿದ್ದಾರೆ. ಗಚ್ಚಿಗಳ ಮೇಲೂ ಕೆಲವು ಮನೆಗಳ ಕಿಟಕಿಗಳಲ್ಲೂ ಕೂರಿಸಿದ ಚಿಕ್ಕ ಡಬ್ಬಿಗಳು ಆಯಾ ಮನೆಗೆ ಇಂಟರ್ನೆಟ್ ಕೊಡುವುದಲ್ಲದೆ ರೇಡಿಯೊ ಅಲೆಗಳ ಮೂಲಕ ಮುಂದಿನ ಡಬ್ಬಿಗೂ ದಾಟಿಸುತ್ತವೆ. ಒಂದು ದಾರಿ ಮುಚ್ಚಿಹೋದರೆ ಜಾಲವೇ ಇನ್ನೊಂದು ದಾರಿ ಹಿಡಿಯುತ್ತದೆ. ಕೇಳುವುದಕ್ಕೆ ಸೊಗಸಾದ ಏರ್ಪಾಡು.

ವೇಗದ ವಿಷಯದಲ್ಲಿ ಮೊದಲ ವಾರವೇ ಭ್ರಮೆ ಕಳಚಿತು. ಒಂದೇ ರೇಡಿಯೊ ಇರುವ ಡಬ್ಬಿಯು ಒಂದೇ ಚಾನೆಲ್ಲಿನಲ್ಲಿ, ಅಂದರೆ ಅಲೆಗಳ ಒಂದೇ ಓಣಿಯಲ್ಲಿ, ಏಕಕಾಲಕ್ಕೆ ಕೇಳಲೂ ಹೇಳಲೂ ಆಗದು. ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ಕೊಡುವಾಗ ಅದರ ಅರ್ಧ ಸಮಯ ಅದಕ್ಕೇ ಹೋಗುವುದರಿಂದ, ಎ ಕಟ್ಟಡದಲ್ಲಿ 100 ಎಂಬಿಪಿಎಸ್ ಇದ್ದದ್ದು ಒಂದು ಡಬ್ಬಿ ದಾಟುವಷ್ಟರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎರಡು ದಾಟಿದರೆ ಇನ್ನೂ ಕೆಳಕ್ಕೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಶುರುವಾಗಿ ಬಹಳ ದೊಡ್ಡದಾಗಿ ಬೆಳೆದ ಗೀಫಿ.ನೆಟ್ ಎಂಬ ಸಮುದಾಯ ಜಾಲವೂ ವೈರ್‌ಲೆಸ್ಸನ್ನೇ ನೆಚ್ಚಿ ಕೂರದೆ ಮುಂದೆ ಫೈಬರ್ ಎಳೆಯಿತು.

ಮುಂಬಯಿ ಸುತ್ತಿನ ಗಾಳಿಯೂ ಇಲ್ಲಿನ ಲೋಕಲ್ ಗಾಡಿಯಷ್ಟೇ ಕಿಕ್ಕಿರಿದಿದೆ. ವೈಫೈ ಅಲೆಗಳ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ (ಬ್ಯಾಂಡ್) ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11, ಈ ಮೂರೇ. ನಮ್ಮ ಅಡುಗೆಮನೆಯ ಕಿಟಕಿಯ ಬಳಿ ಫೋನು ಹಿಡಿದರೆ 37 ವೈಫೈಗಳ ಹೆಸರು ಕಾಣುತ್ತವೆ. ಸಾಲದ್ದಕ್ಕೆ ಮೈಕ್ರೊವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗುಂಯ್‌ಗುಡುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯ ಬಹುಪಾಲನ್ನು ಹೊರಾಂಗಣದಲ್ಲೂ ಪರವಾನಗಿಯಿಲ್ಲದೆ ಬಳಸಲು ಸರ್ಕಾರ 2018ರ ಅಕ್ಟೋಬರಿನಲ್ಲಿ ಅವಕಾಶ ಕೊಟ್ಟದ್ದರಿಂದ ಕಟ್ಟಡ ಕಟ್ಟಡಗಳ ನಡುವಿನ ಕೊಂಡಿಗಳನ್ನು ಅದರಲ್ಲೇ ಹಾಕಿದ್ದಾರೆ. ಆದರೆ ಆ ಅಲೆಗಳಿಗೆ ಗೋಡೆಯೆಂದರೆ ಆಗದು, ಒಂದು ಡಬ್ಬಿಯ ಕಣ್ಣಿಗೆ ಇನ್ನೊಂದು ನೇರವಾಗಿ ಬೀಳುತ್ತಿರಬೇಕು.

ಬಿ ಕಟ್ಟಡದವರು ಮಳೆಗಾಲದ ಸೋರಿಕೆಗೆ ಬೇಸತ್ತು ಗಚ್ಚಿಯ ಮೇಲೆ ಪತ್ರಾದ ಮಾಡು ಹಾಕಿಸಿದಾಗ ಕಷ್ಟ ಶುರುವಾಯಿತು. ಎ ಕಟ್ಟಡದಿಂದ ನಮ್ಮ ಸಿ ಕಟ್ಟಡಕ್ಕೆ ಬರುತ್ತಿದ್ದ ನೇರ ಕೊಂಡಿಗೆ ಆ ತಗಡು ಅಡ್ಡವಾಯಿತು. ಮಾಡಿನ ಮೇಲೆಯೇ ಒಂದು ಕಂಬ ನಿಲ್ಲಿಸೋಣವೆಂದರೆ, ತಗಡಿಗೆ ತೂತು ಹಾಕಿದರೆ ಗುತ್ತಿಗೆದಾರನ ಸೋರಿಕೆಯ ಗ್ಯಾರಂಟಿ ಹೋಗುತ್ತದೆಂದು ಅವರ ಸೊಸಾಯಿಟಿ ಒಪ್ಪಲಿಲ್ಲ. ಅವರ ಮಾತೂ ನ್ಯಾಯವೇ. ಕೊನೆಗೆ ಬಿ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ವಿಜಯಪುರದ ಅಜ್ಜಿಯೊಬ್ಬರ ಕಿಟಕಿಯ ಡಬ್ಬಿಯೇ ನಮಗೆಲ್ಲ ಹೆದ್ದಾರಿಯಾಯಿತು.

ಜುಲೈ ತಿಂಗಳಲ್ಲಿ, ದಿನವೂ ರಾತ್ರಿ ಹತ್ತೂವರೆಯಾಗುತ್ತಿದ್ದಂತೆ ನನ್ನ ಇಂಟರ್ನೆಟ್ ಕುಂಟತೊಡಗಿತು. ಪೂರ್ತಿ ನಿಂತಿದ್ದರೆ ಕಾರಣ ಅಂದೇ ಸಿಗುತ್ತಿತ್ತು. ಅದು ನಿಲ್ಲುತ್ತಿರಲಿಲ್ಲ, ತೊಟ್ಟಿಕ್ಕುತ್ತಿತ್ತು. ಅಮೆರಿಕದವರೊಡನೆ ಕೆಲಸ ಮಾಡುವ ನನಗೆ ಅದೇ ವೇಳೆಯಲ್ಲಿ ಮೀಟಿಂಗು. ಪೂರೈಕೆದಾರರ ಹುಡುಗ ಚಾನೆಲ್ ಬದಲಿಸಿದ, ಆಂಟೆನಾ ತಿರುಗಿಸಿದ, ಮಳೆಯ ನೀರು ಹೊಕ್ಕಿರಬಹುದೆಂದು ಕನೆಕ್ಟರುಗಳಿಗೆ ಹೊಸ ಟೇಪು ಸುತ್ತಿದ. ಒಂದು ವಾರವಾದ ಮೇಲೆ ಡಬ್ಬಿಗಳ ಲಾಗ್, ಅಂದರೆ ಯಾವುದು ಯಾವಾಗ ಚಾಲೂ ಇತ್ತೆಂಬ ದಾಖಲೆ, ತೆಗೆದು ನೋಡಿದರೆ ಅಜ್ಜಿಯ ಮನೆಯ ಡಬ್ಬಿ ರಾತ್ರಿ ಮಾಯವಾಗಿ ಬೆಳಗಿನ ಐದಕ್ಕೆ ಮರಳಿ ಬರುತ್ತಿತ್ತು.

“ರಾತ್ರಿ ಮಲಗೂ ಮುಂದ ಎಲ್ಲಾ ಸ್ವಿಚ್ ಬಂದ್ ಮಾಡೂದು ನಮ್ಮ ರೂಢಿ ಐತಲ್ಲ ತಮ್ಮಾ, ಅದರಾಗೇನು ತಪ್ಪಾತು?” ಎಂದು ಅವರು ಕೇಳಿದರು. ತಪ್ಪೇನೂ ಇರಲಿಲ್ಲ. ಡಬ್ಬಿ ಆರಿದೊಡನೆ ಜಾಲವು ತನ್ನ ಧರ್ಮದಂತೆ ಬೇರೆ ದಾರಿ ಹುಡುಕಿ, ಎ ಕಟ್ಟಡದಿಂದ ಡಿ ಕಟ್ಟಡಕ್ಕೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬರುತ್ತಿತ್ತು. ಎ ಮತ್ತು ಡಿ ನಡುವೆ ಒಂದು ಬಾದಾಮಿ ಮರವಿದೆ. ಆ ಕೊಂಡಿ ಹಾಕಿದ್ದು ಮರದಲ್ಲಿ ಎಲೆ ಕಡಿಮೆಯಿದ್ದ ಫೆಬ್ರವರಿಯಲ್ಲಿ. ಜುಲೈಗೆ ಅಂಗೈಗಿಂತ ಅಗಲವಾದ ಹಸಿ ಎಲೆಗಳು ತುಂಬಿ, ಅಲೆಯ ಬಹುಭಾಗವನ್ನು ಅವೇ ನುಂಗುತ್ತಿದ್ದವು. ಮಳೆಯ ಹನಿಯಿಂದ ಈ ಪಟ್ಟಿಗಳಲ್ಲಿ ಅಂಥ ನಷ್ಟವಿಲ್ಲ, ತೊಂದರೆ ಕೊಡುವುದು ನೆಂದ ಎಲೆ. ದಾರಿ ತಾನಾಗಿ ಬದಲಾಗುವುದೇ ಮೆಶ್ಶಿನ ಹೆಚ್ಚುಗಾರಿಕೆಯೆಂದು ಹೊಗಳುತ್ತಾರೆ. ನಮ್ಮಲ್ಲಿ ಅದೇ ಗುಣ ಒಂದು ವಾರ ದೋಷವನ್ನು ಮುಚ್ಚಿಟ್ಟಿತು.

ಅಜ್ಜಿಯ ಡಬ್ಬಿಗೆ ಮೆಟ್ಟಿಲಿನ ದೀಪದ ಲೈನಿನಿಂದ ಕರೆಂಟು ಕೊಡುವ ಪ್ರಸ್ತಾಪ ಬಿ ಸೊಸಾಯಿಟಿಯ ಸಭೆಗೆ ಹೋಯಿತು. ಡಬ್ಬಿ ತಿನ್ನುವುದು 6 ವ್ಯಾಟ್. ಹಗಲಿರುಳು ಉರಿದರೂ ತಿಂಗಳಿಗೆ 4.32 ಯೂನಿಟ್. ಅಷ್ಟಕ್ಕಾಗಿ ಒಂದು ತಾಸು ವಾದ ನಡೆಯಿತು. ಬೇರೆ ಕಟ್ಟಡದವರ ಇಂಟರ್ನೆಟ್ಟಿಗೆ ನಮ್ಮ ಕರೆಂಟೇಕೆ ಎಂದವರಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಮ್ಮ ಗಚ್ಚಿಯ ಡಬ್ಬಿಯಿಂದ ಅವರಿಗೆ ಏನೂ ಹೋಗುತ್ತಿರಲಿಲ್ಲ. ಕೊನೆಗೆ ಆ ಖರ್ಚನ್ನು ಪೂರೈಕೆದಾರರೇ ಭರಿಸಲು ಒಪ್ಪಿದರು. ಈಗ ಡಬ್ಬಿಗೊಂದು ಚಿಕ್ಕ ಬ್ಯಾಟರಿಯೂ ಇದೆ.

ಇದನ್ನು ಓದಿ ಊರಿನ ಓಣಿಯಲ್ಲೂ ಹೀಗೆ ಮಾಡೋಣವೆನ್ನುವವರಿಗೆ ಒಂದು ಮಾತು: ಮನೆಯ ಸಂಪರ್ಕವನ್ನು ಪರವಾನಗಿಯಿಲ್ಲದೆ ನೆರೆಯವರಿಗೆ ಮಾರುವಂತಿಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಯಡಿ ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ವೈಫೈ ಕೊಡಬಹುದು, ಆದರೆ ನೋಂದಾಯಿತ ಸಂಸ್ಥೆಯೊಂದರ ಮೂಲಕ. ನಮ್ಮಲ್ಲಿ ಲೈಸೆನ್ಸು ಪೂರೈಕೆದಾರರದ್ದು, ಕಿಟಕಿ ಮಾತ್ರ ನಮ್ಮದು.

ಬಾದಾಮಿ ಮರದ ಎರಡು ಕೊಂಬೆ ಸವರಲು ಅರ್ಜಿ ಕೊಟ್ಟಿದ್ದೇವೆ. ಅಲ್ಲಿಯತನಕ ಅಜ್ಜಿಯ ಕಿಟಕಿಯೊಂದೇ ದಾರಿ. ಮೊನ್ನೆ ಅವರ ಸೊಸೆ ಆ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಬೇಕೆಂದಾಗ, ಲೋಹದ್ದು ಬೇಡ, ನೈಲಾನಿನದ್ದೇ ಇರಲಿ ಎಂದು ನಾನೇ ಅಂಗಡಿಗೆ ಹೋಗಿ ಆರಿಸಿಕೊಟ್ಟು ಬಂದೆ.