ಬ್ಯಾಂಡಿನ ಕಥೆ ಯಾವಾಗ ಬರೀತೀರಿ?

ಯಾವ ಮದುವೆಗೆ ಹೋದರೂ ಹಳೇ ಪರಿಚಯದವರು ಕೇಳುವುದು ಇದನ್ನೇ. "ಮಾಸ್ತರ್ರ, ಇಷ್ಟು ವರ್ಷ ಬ್ಯಾಂಡಿನ್ಯಾಗ ಕ್ಲಾರಿನೆಟ್ ಊದಿದ್ರಿ. ಅದನ್ನೆಲ್ಲಾ ಪುಸ್ತಕ ಯಾವಾಗ ಮಾಡ್ತೀರಿ?"

ಮಾಡ್ತೀನಿ. ಆದರೆ ನನ್ನಿಂದ ಶುರು ಮಾಡುವುದಿಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಶಹನಾಯಿ ಊದುವ ಸನಾದಿ ಅಪ್ಪಣ್ಣ ಇದ್ದರು. 1977ರಲ್ಲಿ ಅವರ ಹೆಸರಿನ ಸಿನಿಮಾ ಬಂತು. ರಾಜ್‌ಕುಮಾರ್ ಅಭಿನಯ, ಬಿಸ್ಮಿಲ್ಲಾ ಖಾನರ ಶಹನಾಯಿ. ಆ ಹೆಸರು ಮನೆಮನೆಗೂ ಮುಟ್ಟಿತು. ಅವರ ಪಕ್ಕ ಕೂತು ಶ್ರುತಿ ಹಿಡಿದವರು ಯಾರು, ಸಂಬಾಳ ಬಾರಿಸಿದವರು ಯಾರು? ನಾನು ಎಷ್ಟೋ ಜನರನ್ನು ಕೇಳಿದೆ. ಯಾರೂ ಹೇಳಲಿಲ್ಲ.

ಬ್ಯಾಂಡಿನಲ್ಲೂ ಹಾಗೇ. ಕ್ಲಾರಿನೆಟ್‌ನವನು ಮುಂದೆ, ಎಲ್ಲರ ಕಣ್ಣು ಅವನ ಮೇಲೆ. ಮೇ ತಿಂಗಳ ಮಧ್ಯಾಹ್ನದ ಮೆರವಣಿಗೆಯಲ್ಲಿ ಬಿಸಿಲಿಗೆ ವಾದ್ಯ ಕಾದು ಸ್ವರ ತಾನಾಗಿ ಏರುತ್ತಿತ್ತು. ನಾನು ಊದುವುದು ನಿಲ್ಲಿಸಿ, ಮೇಲಿನ ಜೋಡಣೆಯನ್ನು ಒಂಚೂರು ಹೊರಗೆಳೆದು ಸ್ವರ ಇಳಿಸಿಕೊಳ್ಳಬೇಕು. ಎರಡೂ ಕೈ ಬೇಕು ಅದಕ್ಕೆ. ಅಷ್ಟು ಹೊತ್ತು ಹಾಡು ನಿಲ್ಲಬಾರದು ಅಲ್ವಾ? ಹಿಂದಿನಿಂದ ಯುಫೋನಿಯಂನವರು ಎತ್ತಿಕೊಳ್ಳುತ್ತಿದ್ದರು. ಯುಫೋನಿಯಂ ಅಂದರೆ ಬೆರಳಿನಿಂದ ಗುಂಡಿ ಒತ್ತಿ ಸ್ವರ ಬದಲಿಸುತ್ತಾ ಊದುವ ದೊಡ್ಡ ಹಿತ್ತಾಳೆ ವಾದ್ಯ. ಒಂದು ದಿನವೂ ಹೇಳಿಸಿಕೊಂಡವರಲ್ಲ. ನೋಡುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಢೋಲಿನವರದು ಇನ್ನೊಂದು ವಿದ್ಯೆ. ಹಳೇ ಬಾಗಲಕೋಟೆಯ ಓಣಿಗಳು ಸಣ್ಣವು, ಎರಡೂ ಕಡೆ ಗೋಡೆ. ಅಲ್ಲಿ ಜೋರು ಬಾರಿಸಿದರೆ ಬೇರೇನೂ ಕೇಳುವುದಿಲ್ಲ. ಓಣಿ ಹೊಕ್ಕ ಕೂಡಲೇ ಅವರು ಪೆಟ್ಟು ಸಣ್ಣ ಮಾಡುತ್ತಿದ್ದರು. ಗುಡಿಯ ಮುಂದೆ ಬಯಲು ಸಿಕ್ಕಾಗ ಬಿಡುತ್ತಿದ್ದರು ನೋಡಿ, ಎದೆ ನಡುಗುತ್ತಿತ್ತು! ಯಾವ ಓಣಿಯಲ್ಲಿ ಎಷ್ಟು ಅನ್ನುವ ಲೆಕ್ಕ ಅವರ ಕೈಯಲ್ಲೇ ಇತ್ತು.

ಈಗ ಆ ಓಣಿಗಳಲ್ಲಿ ಎಷ್ಟೋ ಇಲ್ಲ. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸುತ್ತಾರೆ. ಹಿನ್ನೀರು ಘಟಪ್ರಭೆ ಹಿಡಿದು ನಮ್ಮೂರಿನ ತನಕ ಬರುತ್ತದೆ. ಮನೆ ಬಿಟ್ಟವರು ನವನಗರಕ್ಕೆ ಬಂದರು. ಢೋಲಿನವರೂ ಈಗಿಲ್ಲ.

ನಮ್ಮಲ್ಲಿ ನೊಟೇಶನ್ ಇರಲಿಲ್ಲ. ರೇಡಿಯೋ, ಕ್ಯಾಸೆಟ್ ಕೇಳಿ ಕಲಿತದ್ದು. ಬರವಣಿಗೆಯಲ್ಲಿ ಉಳಿದಿರುವುದು ಸಂಚಕಾರದ, ಅಂದರೆ ಮುಂಗಡದ, ವಹಿ ಒಂದೇ. ಊರು, ಅಕ್ಷತೆಯ ಹೊತ್ತು, ಕೊಟ್ಟದ್ದೆಷ್ಟು, ಬಾಕಿ ಎಷ್ಟು. ಬಾರಿಸಿದವರ ಹೆಸರು ಒಂದು ಪುಟದಲ್ಲೂ ಇಲ್ಲ. ಅದು ನನಗೆ ಬಹಳ ನೋವು ಕೊಟ್ಟಿದೆ. ಹಾಗಾಗಿ ಮೊದಲು ಹೆಸರು ಕೂಡಿಸುತ್ತಿದ್ದೇನೆ.

ಹೋದ ಭಾನುವಾರ ಯುಫೋನಿಯಂನವರ ಮನೆಗೆ ಹೋಗಿದ್ದೆ. ವಯಸ್ಸಾಗಿದೆ, ಮರೆವು ಜಾಸ್ತಿ. ಮದುಮಗಳನ್ನು ಕಳಿಸುವಾಗ ಊದುತ್ತಿದ್ದೆವಲ್ಲ, ಆ ಹಾಡು ಯಾವುದು ಅಂತ ಕೇಳಿದೆ. ನೆನಪಾಗಲಿಲ್ಲ. ಸುಮ್ನೆ ಕೂತರು. ಸ್ವಲ್ಪ ಹೊತ್ತಿಗೆ ಬಲಗೈಯ ಮೂರು ಬೆರಳು ಮೊಣಕಾಲಿನ ಮೇಲೆ ಒತ್ತತೊಡಗಿದವು. ನಾನು ವಹಿಯ ಹಿಂದಿನ ಖಾಲಿ ಪುಟ ತೆಗೆದು, ಮೇಲೆ ಅವರ ಹೆಸರು ಹಾಕಿ, ನೋಡಿ ನೋಡಿ ಬರೆದುಕೊಂಡೆ. ಒಂದು-ಎರಡು. ಒಂದು. ಬಿಟ್ಟದ್ದು. ಮತ್ತೆ ಒಂದು.